ಕನ್ಸೈನರ್ ಯಾರು, ಕನ್ಸೈನಿ ಯಾರು?

ಕೆಲವು ವರ್ಷಗಳ ಹಿಂದೆ ಚನ್ನಗಿರಿಯ ಅಡಿಕೆ ವರ್ತಕರೊಬ್ಬರು ಹೊರರಾಜ್ಯಕ್ಕೆ ಹೊರಟಿದ್ದ ಸರಕಿನ ಕಾಗದಗಳನ್ನು ನನ್ನ ಮುಂದಿಟ್ಟರು. ಲಾರಿ ರಸೀದಿಯಲ್ಲಿ ಕನ್ಸೈನರ್ ಎಂಬಲ್ಲಿ ಖರೀದಿದಾರರ ಹೆಸರು, ಕನ್ಸೈನಿ ಎಂಬಲ್ಲಿ ಇವರದೇ ಹೆಸರು! “ಇಬ್ಬರ ಹೆಸರೂ ಇದೆಯಲ್ಲ ಸಾರ್, ಹಿಂದುಮುಂದಾದರೇನು?” ಎಂದರು.

ಸರಕನ್ನು ಒಪ್ಪಿಸಿ ಕಳುಹಿಸುವವನು ಕನ್ಸೈನರ್. ಯಾರಿಗೆ ಅದು ತಲುಪಬೇಕೋ ಅವನು ಕನ್ಸೈನಿ. ಬಾಡಿಗೆಗೆ ಕೊಡುವವನು ಲೆಸರ್, ಪಡೆಯುವವನು ಲೆಸಿ ಎಂಬಂತೆ. ಅಡಮಾನದಲ್ಲಿ ಮಾತ್ರ ಅನೇಕರು ಎಡವುತ್ತಾರೆ: ಸಾಲ ಪಡೆದ ವರ್ತಕನೇ ಮಾರ್ಟ್‌ಗೇಜರ್, ಬ್ಯಾಂಕು ಮಾರ್ಟ್‌ಗೇಜಿ. ಏಕೆಂದರೆ ಆಸ್ತಿಯನ್ನು ಅಡವಾಗಿ ಕೊಡುವವನು ವರ್ತಕ.

ಮಾರ್ಗಮಧ್ಯೆ ಸರಕು ತಡೆಹಿಡಿಯಲ್ಪಟ್ಟಾಗ ಈ ಪದಗಳ ಬೆಲೆ ತಿಳಿಯುತ್ತದೆ. ಬಿಲ್ಲು ಅಥವಾ ನಿಗದಿತ ದಾಖಲೆ ಸರಕಿನೊಡನೆ ಇದ್ದಲ್ಲಿ ಕನ್ಸೈನರ್ ಅಥವಾ ಕನ್ಸೈನಿಯನ್ನು ಮಾಲೀಕನೆಂದು ಭಾವಿಸಬೇಕೆಂದು 31-12-2018ರ ಜಿ.ಎಸ್.ಟಿ. ಸುತ್ತೋಲೆ ಹೇಳುತ್ತದೆ, ಇಲ್ಲದಿದ್ದಲ್ಲಿ ಮಾಲೀಕ ಯಾರೆಂಬುದನ್ನು ಅಧಿಕಾರಿಯೇ ನಿರ್ಧರಿಸಬೇಕು. ಒಣ ಅಡಿಕೆಗೆ ತೆರಿಗೆ ಶೇ. 5. ರೂ. 20 ಲಕ್ಷದ ಸರಕಿಗೆ ತೆರಿಗೆ ಒಂದು ಲಕ್ಷ. ಮಾಲೀಕ ಮುಂದೆ ಬಂದರೆ ದಂಡ ತೆರಿಗೆಯ ಎರಡು ಪಟ್ಟು, ಅಂದರೆ ಎರಡು ಲಕ್ಷ. ಬಾರದಿದ್ದರೆ ಸರಕಿನ ಮೌಲ್ಯದ ಅರ್ಧ, ಹತ್ತು ಲಕ್ಷ!

ಹೆಸರಿನ ಕಾಗುಣಿತ ತಪ್ಪಿ ಜಿ.ಎಸ್.ಟಿ. ಸಂಖ್ಯೆ ಸರಿಯಿದ್ದರೆ ಸರಕು ತಡೆಯದೆ ಸಾವಿರ ರೂಪಾಯಿ ದಂಡದಲ್ಲಿ ಮುಗಿಸಲು 14-9-2018ರ ಸುತ್ತೋಲೆಯಲ್ಲಿ ಅವಕಾಶವಿದೆ. ಹೆಸರುಗಳು ಅದಲುಬದಲಾದ ಪ್ರಸಂಗ ಆ ಪಟ್ಟಿಯಲ್ಲಿಲ್ಲ.

ಜಗಳೂರು, ಹೊನ್ನಾಳಿ, ನ್ಯಾಮತಿಯ ಮೆಕ್ಕೆಜೋಳದ ವರ್ತಕರು ‘ನಮ್ಮದು ತೆರಿಗೆಯಿಲ್ಲದ ಮಾಲು’ ಎಂದು ನಿಶ್ಚಿಂತರಾಗಿರಬಹುದು. ಲಾರಿ ಮಗುಚಿದರೆ? 2007ರ ರಸ್ತೆ ಸಾಗಣೆ ಕಾಯಿದೆಯಂತೆ ಸರಕಿನ ವಿವರಗಳನ್ನು ಬರೆದುಕೊಟ್ಟು ಅವುಗಳ ಸತ್ಯಕ್ಕೆ ಹೊಣೆಯಾಗುವವನು ಕನ್ಸೈನರ್. ನಷ್ಟದ ದಾವೆ ಹೂಡುವ ಮುನ್ನ, ಆತ ಸರಕನ್ನು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಸಾಗಣೆದಾರನಿಗೆ ಲಿಖಿತ ನೋಟೀಸು ತಲುಪಿರಬೇಕು. ವಿಮೆಯವರೂ ಮೊದಲು ಕೇಳುವುದು ಈ ರಸೀದಿಯನ್ನೇ.

ಚನ್ನಗಿರಿಯ ಲಾರಿ ಪುಣ್ಯಕ್ಕೆ ಇನ್ನೂ ಗೋದಾಮಿನ ಮುಂದೆಯೇ ನಿಂತಿತ್ತು. ಹಳೆಯ ರಸೀದಿ ರದ್ದುಮಾಡಿಸಿ, ಹೊಸದನ್ನು ಬರೆಸಿ, ಬಿಲ್ಲು ಮತ್ತು ಇ-ವೇ ಬಿಲ್ಲಿನೊಡನೆ ತಾಳೆನೋಡಿದ ಮೇಲೆಯೇ ಚಾಲಕನನ್ನು ಹೊರಡಿಸಿದೆವು.