ಡ್ಯಾನ್ಯೂಬ್ ದಡದಲ್ಲಿ ಒಂದಿರುಳು

ನೋಡಲೇಬೇಕೆಂದು ಪಟ್ಟಿ ಮಾಡಿಕೊಂಡು ಹೋದ ಊರುಗಳು ಕೆಲವೊಮ್ಮೆ ನೆನಪಿನಿಂದ ಜಾರಿಹೋಗುವುದುಂಟು. ರಾತ್ರಿ ಮಲಗಿ ಎದ್ದರೆ ಸಾಕೆಂದು ಇಳಿದ ಊರು ಮಾತ್ರ ಮನಸ್ಸಿನಲ್ಲಿ ಮನೆಮಾಡಿಬಿಡುತ್ತದೆ. ಸ್ಲೊವಾಕಿಯ ದೇಶದ ರಾಜಧಾನಿಯಾದ ಬ್ರಾಟಿಸ್ಲಾವ ನನ್ನ ಪಾಲಿಗೆ ಅಂತಹ ಊರು. ಅಲ್ಲಿ ನಾವು ಇದ್ದುದು ಹದಿನಾಲ್ಕು ಗಂಟೆ ಮಾತ್ರ. ಆದರೆ ಆ ಹದಿನಾಲ್ಕು ಗಂಟೆಗಳ ಋಣ ನನ್ನ ಮೇಲೆ ಇನ್ನೂ ಇದೆ.

೨೦೧೯ನೆಯ ಇಸವಿಯ ಮೇ ತಿಂಗಳ ಕೊನೆಯ ವಾರ. ಮ್ಯೂನಿಕ್ ನಗರದಲ್ಲಿ ನೆಲಸಿರುವ ಮಗಳು ಮತ್ತು ಅಳಿಯಂದಿರು ನಮ್ಮಿಬ್ಬರನ್ನು ಕಾರಿನಲ್ಲಿ ಕೂರಿಸಿಕೊಂಡು ವಿಯೆನ್ನಾ ಮಾರ್ಗವಾಗಿ ಬುಡಾಪೆಸ್ಟಿಗೆ ಹೊರಟಿದ್ದರು. ವಿಯೆನ್ನಾದಲ್ಲಿ ಎರಡು ದಿನ ಅರಮನೆಗಳನ್ನೂ ಚಿತ್ರಶಾಲೆಗಳನ್ನೂ ನೋಡಿ ದಣಿದಿದ್ದೆವು. ಮೂರನೆಯ ರಾತ್ರಿಗೆ ಅಲ್ಲಿನ ಹೋಟೆಲಿನವರು ಕೇಳಿದ ಬಾಡಿಗೆಯನ್ನು ಕಂಡು ಅಳಿಯಂದಿರು ಹುಬ್ಬೇರಿಸಿದರು. “ಮಾವ, ಇಲ್ಲಿ ಕೊಡುವ ಹಣದ ಅರ್ಧದಲ್ಲಿ ಪಕ್ಕದ ದೇಶದಲ್ಲಿ ಮಲಗಬಹುದು” ಎಂದರು. ಅವರೆಂದುದು ಹಾಸ್ಯಕ್ಕಲ್ಲ. ವಿಯೆನ್ನಾದಿಂದ ಬ್ರಾಟಿಸ್ಲಾವಕ್ಕೆ ನೇರ ದೂರ ಸುಮಾರು ೫೫ ಕಿಲೋಮೀಟರು. ೧೯೧೪ರಲ್ಲಿ ಈ ಎರಡು ಊರುಗಳ ನಡುವೆ ವಿದ್ಯುತ್ ರೈಲು ಓಡಲಾರಂಭಿಸಿದ್ದಿತೆಂದರೆ ಅವುಗಳ ನೆರೆಹೊರೆ ಎಷ್ಟು ಹತ್ತಿರದ್ದೆಂದು ಓದುಗರು ಊಹಿಸಬಹುದು.

ಕಾರಿನಲ್ಲಿ ನಾಲ್ವರಿದ್ದರೂ ಮಾತು ಕಡಿಮೆಯಾಗಿತ್ತು. ಅದಕ್ಕೆ ಕಾರಣ ನಾನೇ. ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿ ಮಗಳು ಒಂದು ವಿಷಯವನ್ನು ತಿಳಿಸಿದ್ದಳು. ಜರ್ಮನಿಗೆ ಬಂದು ಎಂಟು ವರ್ಷ ತುಂಬಿತು. ಇನ್ನು ಅಲ್ಲಿನ ಪೌರತ್ವಕ್ಕೆ ಅರ್ಜಿ ಸಲ್ಲಿಸಬಹುದು. ಸಲ್ಲಿಸಬೇಕೆಂದು ಮಾಡಿದ್ದೇವೆ ಎಂದಳು. ನಮ್ಮ ದೇಶದ ಕಾನೂನು ಇಬ್ಬಗೆಯ ಪೌರತ್ವಕ್ಕೆ ಅವಕಾಶ ಕೊಡುವುದಿಲ್ಲ. ಒಂದನ್ನು ಪಡೆದರೆ ಇನ್ನೊಂದನ್ನು ಬಿಟ್ಟುಕೊಡಬೇಕು. “ಹಾಗಾದರೆ ಇನ್ನು ಮೇಲೆ ನೀನು ನಮ್ಮ ಮನೆಗೆ ಬರುವುದು ಪರದೇಶದವಳಾಗಿ” ಎಂದುಬಿಟ್ಟೆ. ಮಗಳು ತಟ್ಟೆಯ ಮೇಲಿಂದ ತಲೆಯೆತ್ತಲಿಲ್ಲ. ಆ ಮಾತಿನ ಕಹಿ ನಮ್ಮೊಡನೆ ಕಾರನ್ನೇರಿ ಕುಳಿತಿತ್ತು.

ಗಡಿ ಎಲ್ಲಿ?

ಸಂಜೆಯ ಬಿಸಿಲಿನಲ್ಲಿ ಗೋಧಿಯ ಹೊಲಗಳ ನಡುವೆ, ಸಾಲಾಗಿ ನಿಂತ ಗಾಳಿಯಂತ್ರಗಳ ಪಕ್ಕದಲ್ಲಿ ಕಾರು ಸಾಗಿತು. ನನ್ನ ಪತ್ನಿ ಕೈಚೀಲದಿಂದ ನಮ್ಮಿಬ್ಬರ ಪಾಸ್‌ಪೋರ್ಟುಗಳನ್ನು ತೆಗೆದು ಮಡಿಲಿನಲ್ಲಿಟ್ಟುಕೊಂಡು ಸಿದ್ಧಳಾಗಿದ್ದಳು. ಬಹಳ ಹೊತ್ತಾದರೂ ಯಾರೂ ತಡೆಯದಿದ್ದುದರಿಂದ “ಗಡಿ ಎಲ್ಲಿ?” ಎಂದು ಕೇಳಿದಳು.

“ಆಗಲೇ ದಾಟಿದೆವಲ್ಲ, ಅತ್ತೆ. ಹನ್ನೆರಡು ನಕ್ಷತ್ರಗಳ ಆ ನೀಲಿ ಫಲಕವೇ ಗಡಿ” ಎಂದರು ಅಳಿಯಂದಿರು. ಹೆದ್ದಾರಿಯ ಸುಂಕವನ್ನು ಅವರು ಹೊರಡುವ ಮುನ್ನವೇ ಫೋನಿನಲ್ಲಿ ಕಟ್ಟಿದ್ದರು.

ಪತ್ನಿಗೆ ನಂಬಿಕೆ ಬರಲಿಲ್ಲ. “ಹಿಂದೆ ಅತ್ತಿಬೆಲೆಯ ಗೇಟಿನಲ್ಲಿ ನಮ್ಮ ಬಸ್ಸು ಇದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತಿತ್ತು” ಎಂದು ಪಾಸ್‌ಪೋರ್ಟುಗಳನ್ನು ಮತ್ತೆ ಚೀಲಕ್ಕೆ ಸೇರಿಸಿದಳು.

ಈ ಗಡಿ ಹೀಗೆ ಸದ್ದಿಲ್ಲದೆ ಕರಗಿದ್ದು ೨೦೦೭ರ ಡಿಸೆಂಬರಿನಲ್ಲಿ, ಸ್ಲೊವಾಕಿಯವು ಷೆಂಗೆನ್ ಒಪ್ಪಂದದ ವಲಯವನ್ನು ಸೇರಿದಾಗ. ಅದಕ್ಕೆ ಮೊದಲು ಇದೇ ನೆಲದ ಮೇಲೆ ನಾಲ್ಕು ದಶಕಗಳ ಕಾಲ ಮುಳ್ಳುತಂತಿಯ ಬೇಲಿಯೂ ಕಾವಲು ಗೋಪುರಗಳೂ ಇದ್ದವು. ಊರಿನ ಅಂಚಿನಲ್ಲಿ, ಮೊರಾವ ನದಿಯು ಡ್ಯಾನ್ಯೂಬನ್ನು ಕೂಡುವ ಡೇವೀನ್ ಎಂಬ ಸ್ಥಳದಲ್ಲಿ ಹೊಳೆಯ ಆಚೆ ದಡವೇ ಆಸ್ಟ್ರಿಯ. ಚೆಕೊಸ್ಲೊವಾಕಿಯದ ಗಡಿಯನ್ನು ದಾಟಲು ಹೋಗಿ ಪ್ರಾಣ ತೆತ್ತ ನೂರಾರು ಮಂದಿಯ ನೆನಪಿಗಾಗಿ ಅಲ್ಲೊಂದು ಸ್ಮಾರಕವಿದೆ.

ಮೂರು ಹೆಸರಿನ ಊರು

ಮೊದಲು ಕಣ್ಣಿಗೆ ಬೀಳುವುದು ಗುಡ್ಡದ ಮೇಲಿನ ಬಿಳಿಯ ಕೋಟೆ. ನಾಲ್ಕು ಮೂಲೆಗಳಲ್ಲಿ ನಾಲ್ಕು ಗೋಪುರಗಳಿರುವ ಅದನ್ನು ಊರಿನವರು ಕಾಲು ಮೇಲಾಗಿ ಮಗುಚಿದ ಮೇಜಿಗೆ ಹೋಲಿಸುತ್ತಾರೆ. ೧೮೧೧ರಲ್ಲಿ ಬೆಂಕಿಗೆ ಆಹುತಿಯಾಗಿ ಒಂದೂವರೆ ಶತಮಾನದಷ್ಟು ಕಾಲ ಪಾಳುಬಿದ್ದಿದ್ದ ಕೋಟೆಯನ್ನು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಮತ್ತೆ ಕಟ್ಟಿದರು.

ಈ ಊರಿಗೆ ಬ್ರಾಟಿಸ್ಲಾವ ಎಂಬ ಹೆಸರು ಅಧಿಕೃತವಾಗಿ ಬಂದುದು ೧೯೧೯ರಲ್ಲಿ. ಅದಕ್ಕೆ ಮುಂಚೆ ಜರ್ಮನ್ ಮಾತಿನವರು ಪ್ರೆಸ್‌ಬುರ್ಗ್ ಎನ್ನುತ್ತಿದ್ದರು, ಹಂಗೇರಿಯವರು ಪೊಜೋನ್ ಎನ್ನುತ್ತಿದ್ದರು. ತುರ್ಕರು ೧೫೪೧ರಲ್ಲಿ ಬುಡಾ ನಗರವನ್ನು ವಶಪಡಿಸಿಕೊಂಡ ಕಾಲದಲ್ಲಿ ಹಂಗೇರಿಯ ರಾಜಧಾನಿ ಇಲ್ಲಿಗೆ ಬಂತು. ೧೫೬೩ರಿಂದ ೧೮೩೦ರವರೆಗೆ ಹಂಗೇರಿಯ ಅರಸರ ಪಟ್ಟಾಭಿಷೇಕ ನಡೆದುದು ಇಲ್ಲಿನ ಸಂತ ಮಾರ್ಟಿನನ ಚರ್ಚಿನಲ್ಲಿ. ಅದರ ಶಿಖರದ ತುದಿಯಲ್ಲಿ ಶಿಲುಬೆಯ ಬದಲು ಹೊಂಬಣ್ಣದ ಕಿರೀಟವಿದೆ. ೧೭೪೧ರಲ್ಲಿ ಮರಿಯ ತೆರೇಸ ಇಲ್ಲಿ ಕಿರೀಟ ಧರಿಸಿ, ಕುದುರೆಯೇರಿ ದಿಬ್ಬವನ್ನು ಹತ್ತಿ, ನಾಲ್ಕೂ ದಿಕ್ಕುಗಳಿಗೆ ಖಡ್ಗ ಬೀಸಿದಳು. ಯಾವ ದಿಕ್ಕಿನಿಂದ ಶತ್ರು ಬಂದರೂ ರಾಜ್ಯವನ್ನು ಕಾಪಾಡುವೆನೆಂಬುದು ಆ ವಿಧಿಯ ಅರ್ಥ.

ಆ ಚರ್ಚಿನ ಗೋಡೆಗೆ ಅಂಟಿಕೊಂಡಂತೆಯೇ ಈಗ ಹೆದ್ದಾರಿ ಹರಿಯುತ್ತದೆ. ೧೯೭೨ರಲ್ಲಿ ಮುಗಿದ ಹೊಸ ಸೇತುವೆ ಹಾರುವ ತಟ್ಟೆಯಂತಹ ಉಪಾಹಾರಗೃಹವನ್ನು ಗೋಪುರದ ತುದಿಯಲ್ಲಿ ಹೊತ್ತು ನಿಂತಿದೆ. ನೋಡಲು ಬೆರಗೇನೋ ಹೌದು. ಆದರೆ ಅದರ ದಾರಿಗಾಗಿ ಕೋಟೆಯ ಕೆಳಗಿನ ಹಳೆಯ ಯೆಹೂದಿ ಕೇರಿಯ ಬಹುಭಾಗವನ್ನು ಕೆಡವಿದರು. ಅಲ್ಲಿನ ದೊಡ್ಡ ಪ್ರಾರ್ಥನಾಮಂದಿರವೂ ಉಳಿಯಲಿಲ್ಲ.

ಕತ್ತಲಾಗುವ ಮುನ್ನ ಹಳೆಯ ಪೇಟೆಯಲ್ಲೊಂದು ಸುತ್ತು ಹಾಕಿದೆವು. ಕಲ್ಲು ಹಾಸಿದ ಕಿರಿದಾದ ಬೀದಿಗಳು, ಮೈಕೇಲನ ಹೆಬ್ಬಾಗಿಲ ಗೋಪುರ, ಬೀದಿಗೇ ಮೇಜು ಹಾಕಿ ಕುಳಿತ ಜನ. ಒಂದು ತಿರುವಿನಲ್ಲಿ ಚರಂಡಿಯ ಗುಂಡಿಯಿಂದ ತಲೆಯೆತ್ತಿ, ಮುಚ್ಚಳದ ಅಂಚಿನ ಮೇಲೆ ಕೈಯೂರಿ, ಹೋಗಿಬರುವವರನ್ನು ನೋಡುತ್ತ ನಗುವ ಕಂಚಿನ ಆಳೊಬ್ಬನಿದ್ದಾನೆ. ೧೯೯೭ರಲ್ಲಿ ಅವನನ್ನು ಅಲ್ಲಿಟ್ಟರಂತೆ. “ಪಾಪ, ಕೆಲಸ ಮುಗಿದರೂ ಮೇಲಕ್ಕೆ ಹತ್ತಿಸಿಕೊಳ್ಳುವವರಿಲ್ಲ” ಎಂದಳು ನನ್ನ ಪತ್ನಿ. ಆ ದಿನ ಮಗಳು ಮೊದಲ ಬಾರಿಗೆ ನಕ್ಕಳು.

ಊಟಕ್ಕೆ ಆ ನಾಡಿನ ಹೆಸರಾದ ತಿನಿಸನ್ನೇ ತರಿಸಿದೆವು. ಆಲೂಗೆಡ್ಡೆಯ ಹಿಟ್ಟಿನ ಸಣ್ಣ ಕಡುಬುಗಳ ಮೇಲೆ ಕುರಿಯ ಹಾಲಿನ ಹುಳಿ ಚೀಸನ್ನು ಸುರಿದು ಕೊಡುತ್ತಾರೆ. ಅದರ ಮೇಲೆ ಹಂದಿಯ ಮಾಂಸದ ಚೂರುಗಳನ್ನು ಉದುರಿಸುವುದು ವಾಡಿಕೆ; ಅದು ಬೇಡವೆಂದು ಎರಡು ಸಲ ಹೇಳಿ ಖಾತ್ರಿ ಮಾಡಿಕೊಂಡೆವು. ಪತ್ನಿ ಚೀಲದಿಂದ ಚಟ್ನಿಪುಡಿಯ ಪೊಟ್ಟಣವನ್ನು ಬಿಚ್ಚಿದಳು. ಕಡುಬಿಗೂ ಚಟ್ನಿಪುಡಿಗೂ ಸ್ನೇಹವಾಗಲು ತಡವಾಗಲಿಲ್ಲ.

ಮನೆಯೊಡತಿಯ ಮಾತು

ನಾವಿಳಿದುಕೊಂಡಿದ್ದು ಕೋಟೆಗುಡ್ಡದ ಪಕ್ಕದ ಒಂದು ಹಳೆಯ ಮನೆಯಲ್ಲಿ. ಮೇಲಿನ ಎರಡು ಕೋಣೆಗಳನ್ನು ಪ್ರವಾಸಿಗಳಿಗೆ ಕೊಡುತ್ತಿದ್ದ ಒಡತಿಗೆ ಆಗ ಎಂಬತ್ತು ವರ್ಷ. ಆ ಊರಿನ ಹಳೆಯ ತಲೆಮಾರಿನ ಅನೇಕರಂತೆ ಆಕೆಗೆ ಸ್ಲೊವಾಕ್, ಹಂಗೇರಿಯನ್, ಜರ್ಮನ್ ಮೂರೂ ಬರುತ್ತಿದ್ದುವು. ಅಳಿಯಂದಿರು ಮಲಗಲು ಹೋದರು. ಆಕೆ ಚಹಾ ತಂದಿಟ್ಟು ಕುಳಿತಳು. ಆಕೆಯ ಜರ್ಮನ್ ಮಾತನ್ನು ಮಗಳು ನಮಗೆ ಕನ್ನಡದಲ್ಲಿ ಹೇಳುತ್ತ ಹೋದಳು.

ಆಕೆಯ ತಾಯಿಯ ಮನೆ ಹೊಳೆಯ ಆಚೆಯ ಪೆಟರ್ಜಾಲ್ಕದಲ್ಲಿತ್ತಂತೆ. ತಾಯಿ ಹುಟ್ಟಿದಾಗ ಆ ಮನೆ ಆಸ್ಟ್ರಿಯ-ಹಂಗೇರಿಯ ಚಕ್ರವರ್ತಿಗೆ ಸೇರಿತ್ತು. ಆಕೆ ಶಾಲೆಗೆ ಹೋಗುವ ಹೊತ್ತಿಗೆ ಅದೇ ಮನೆ ಚೆಕೊಸ್ಲೊವಾಕಿಯದಲ್ಲಿತ್ತು. ೧೯೩೮ರಲ್ಲಿ ಹಿಟ್ಲರನು ಪೆಟರ್ಜಾಲ್ಕವನ್ನು ಕಿತ್ತುಕೊಂಡಾಗ ಜರ್ಮನಿಗೆ ಸೇರಿತು. “ನಾನು ಹುಟ್ಟಿದ್ದು ಜರ್ಮನಿಯಲ್ಲಿ. ಸೇತುವೆಯ ಈಚೆಗಿದ್ದ ಚಿಕ್ಕಮ್ಮನ ಮನೆ ಬೇರೆ ದೇಶ” ಎಂದಳು ಒಡತಿ. ಯುದ್ಧ ಮುಗಿದ ಮೇಲೆ ಮತ್ತೆ ಚೆಕೊಸ್ಲೊವಾಕಿಯ. ೧೯೯೩ರ ಜನವರಿ ಒಂದರಿಂದ ಸ್ಲೊವಾಕಿಯ.

“ಅಷ್ಟು ಸಲ ದೇಶ ಬದಲಾದಾಗ ನಿಮ್ಮ ತಾಯಿ ಏನೆನ್ನುತ್ತಿದ್ದರು?” ಎಂದು ಕೇಳಿದೆ.

“ಅಮ್ಮನಿಗೆ ಚಿಂತೆಯಿದ್ದುದು ಅಂಗಳದ ಅಕ್ರೋಟು ಮರದ್ದು. ದೇಶ ಯಾವುದಾದರೂ ಮರ ಕಾಯಿ ಬಿಡುತ್ತಿತ್ತಲ್ಲ! ಆಕೆ ಅತ್ತಿದ್ದು ಒಂದೇ ಸಲ. ಎಪ್ಪತ್ತರ ದಶಕದಲ್ಲಿ ಅಲ್ಲಿ ಸಾಲುಸಾಲಾಗಿ ಕಾಂಕ್ರೀಟಿನ ವಸತಿಗಳನ್ನು ಕಟ್ಟಲು ನಮ್ಮ ಮನೆಯನ್ನು ಕೆಡವಿದಾಗ. ಆಗ ದೇಶ ಬದಲಾಗಿರಲಿಲ್ಲ, ನೋಡಿ.”

ಈಗ ಲಕ್ಷಕ್ಕೂ ಮೀರಿ ಜನ ವಾಸಿಸುವ ಆ ವಸತಿಗಳ ದೀಪಗಳು ಕಿಟಕಿಯಾಚೆ ಮಿನುಗುತ್ತಿದ್ದುವು.

ಒಡತಿ ಇನ್ನೊಂದು ಸಂಗತಿಯನ್ನೂ ಹೇಳಿದಳು. ೧೯೮೯ರ ನವೆಂಬರಿನಲ್ಲಿ ಕಮ್ಯೂನಿಸ್ಟ್ ಆಡಳಿತದ ವಿರುದ್ಧ ಜನ ಬೀದಿಗಿಳಿದರು. ಡಿಸೆಂಬರ್ ಹತ್ತರ ಭಾನುವಾರ ತೆರೆದ ಗಡಿಯನ್ನು ದಾಟಿ ಲಕ್ಷದಷ್ಟು ಜನ ಆಸ್ಟ್ರಿಯದ ಹೈನ್‌ಬುರ್ಗ್ ಊರಿನ ಕಡೆಗೆ ನಡೆದುಹೋದರು. ಆಗ ಐವತ್ತು ವರ್ಷದವಳಾಗಿದ್ದ ಆಕೆಯೂ ನಡೆದಳು. ಗಡಿಯಾಚೆ ನಿಂತು ಹಿಂತಿರುಗಿ ತನ್ನೂರಿನ ಕೋಟೆಯನ್ನು ನೋಡಿದಳಂತೆ. “ದಿನವೂ ನೋಡುತ್ತಿದ್ದ ಕೋಟೆಯೇ. ಆದರೆ ಆ ಕಡೆಯಿಂದ ಅಂದೇ ಮೊದಲು ನೋಡಿದ್ದು.”

“ಅಲ್ಲಿಯೇ ಉಳಿದುಬಿಡಬಹುದಿತ್ತಲ್ಲ?” ಎಂದೆ.

ಆಕೆ ನಕ್ಕಳು. “ಮರುದಿನ ಸೋಮವಾರ. ಕೆಲಸಕ್ಕೆ ಹೋಗಬೇಡವೆ? ಹೋಗುವುದಕ್ಕೂ ಬರುವುದಕ್ಕೂ ಬಾಗಿಲು ತೆರೆದಿದ್ದರೆ ಆಯಿತು. ಬಾಗಿಲು ತೆರೆದಿರುವ ಮನೆಯಿಂದ ಯಾರೂ ಓಡಿಹೋಗುವುದಿಲ್ಲ.”

ಈ ಮಾತನ್ನು ಕನ್ನಡಕ್ಕೆ ತರುವಾಗ ಮಗಳ ಧ್ವನಿ ಸ್ವಲ್ಪ ತಡೆಯಿತು. ನಾನು ಬಟ್ಟಲನ್ನು ನೋಡುತ್ತ ಕುಳಿತೆ. ಚಹಾ ಆರಿಹೋಗಿತ್ತು.

ಬೆಳಗಿನ ಹೊಳೆ

ಬೆಳಗ್ಗೆ ಐದೂವರೆಗೆ ಎಚ್ಚರವಾಯಿತು. ಸದ್ದಾಗದಂತೆ ಕೆಳಗಿಳಿದರೆ ಮಗಳು ಆಗಲೇ ಬಾಗಿಲಿನಲ್ಲಿ ನಿಂತಿದ್ದಳು. ಇಬ್ಬರೂ ಹೊಳೆಯ ಕಡೆಗೆ ನಡೆದೆವು. ಡ್ಯಾನ್ಯೂಬ್ ನೀಲಿಯೆಂದು ಕೇಳಿದ್ದೆ. ಅಂದು ಅದು ನಮ್ಮ ಕಾವೇರಿಯ ಹೊಸನೀರಿನಂತೆ ಮಬ್ಬಾಗಿ, ರಭಸವಾಗಿ ಹರಿಯುತ್ತಿತ್ತು. ಜರ್ಮನಿಯ ಕಪ್ಪು ಅರಣ್ಯದಲ್ಲಿ ಹುಟ್ಟಿ, ಹತ್ತು ದೇಶಗಳನ್ನು ಹಾದು ಕಪ್ಪು ಸಮುದ್ರವನ್ನು ಸೇರುವ ನದಿ ಅದು.

“ಅಪ್ಪಾ, ಅರ್ಜಿ ಹಾಕುವುದು ಬೇಡವೆ?” ಎಂದಳು. “ನೀವು ಬೇಡವೆಂದರೆ ಇನ್ನಷ್ಟು ದಿನ ನೋಡುತ್ತೇವೆ. ಪ್ರತಿಯೊಂದು ಕೆಲಸಕ್ಕೂ ಅಪ್ಪಣೆಪತ್ರ ಹಿಡಿದು ಸಾಲಿನಲ್ಲಿ ನಿಂತು ಸಾಕಾಗಿದೆ. ಅಷ್ಟೆ.”

ಅವಳು ಬೇಡಿದ್ದು ಅನುಮತಿಯಲ್ಲ, ನನ್ನ ಸಮಾಧಾನವೆಂದು ಆಗ ತಿಳಿಯಿತು. ಆಡಿದ ಮಾತನ್ನು ನುಂಗಲಾಗುವುದಿಲ್ಲ. “ಮೊನ್ನೆ ನಾನು ಹಾಗೆನ್ನಬಾರದಾಗಿತ್ತು. ಹಾಕಿರಮ್ಮ. ನಮ್ಮ ಮನೆಯ ಬಾಗಿಲಿಗೆ ವೀಸಾ ಇಲ್ಲ” ಎಂದೆ. ನೋವು ಪೂರ್ತಿ ಹೋಗಿತ್ತೆಂದು ಹೇಳಿದರೆ ಸುಳ್ಳಾದೀತು. ಆದರೂ ಎರಡು ದಿನದಿಂದ ಎದೆಯಲ್ಲಿ ಕಟ್ಟಿಕೊಂಡಿದ್ದುದು ಸಡಿಲವಾಯಿತು.

ಒಂಬತ್ತು ಗಂಟೆಗೆ ಕಾರು ಹೊರಟಿತು. ಒಡತಿ ಬಾಗಿಲಿನಲ್ಲಿ ನಿಂತು ಕೈಬೀಸಿದಳು. ನನ್ನ ಪತ್ನಿ ಆಕೆಗೆ ಉಳಿದ ಚಟ್ನಿಪುಡಿಯನ್ನು ಕೊಟ್ಟು, ಹೇಗೆ ತಿನ್ನಬೇಕೆಂದು ಕನ್ನಡದಲ್ಲಿಯೇ ವಿವರಿಸಿದ್ದಳು. ಕೋಟೆ ಹಿಂದಕ್ಕೆ ಸರಿಯಿತು. ಸ್ವಲ್ಪ ಹೊತ್ತಿನಲ್ಲಿಯೇ ಹಂಗೇರಿಯ ಗಡಿ ಬಂತು. ಅಲ್ಲಿಯೂ ನಮ್ಮನ್ನು ಯಾರೂ ತಡೆಯಲಿಲ್ಲ. ಬುಡಾಪೆಸ್ಟಿಗೆ ಇನ್ನೂ ಎರಡು ಗಂಟೆಯ ದಾರಿಯಿತ್ತು. ಮಗಳು ಹಿಂದಿನ ಆಸನದಲ್ಲಿ ತಾಯಿಯ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದಳು.

೨೦೨೧ರಲ್ಲಿ ಅವಳಿಗೆ ಹೊಸ ಪೌರತ್ವ ದೊರೆಯಿತು. ರದ್ದಾದ ಮುದ್ರೆಯೊತ್ತಿಸಿಕೊಂಡು ಹಿಂದಕ್ಕೆ ಬಂದ ಹಳೆಯ ಪಾಸ್‌ಪೋರ್ಟನ್ನು ಮರುವರ್ಷ ಊರಿಗೆ ಬಂದಾಗ ನನ್ನ ಕೈಗಿತ್ತು, “ನೀವೇ ಇಟ್ಟುಕೊಳ್ಳಿ, ಅಪ್ಪಾ” ಎಂದಳು. ಅದೀಗ ನಮ್ಮ ಬೀರುವಿನಲ್ಲಿ, ಅವಳ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಜೊತೆಯಲ್ಲಿದೆ.