ಒದೆತಕ್ಕೂ ಒಂದು ನೀತಿ

ಟೇಕ್ವಾಂಡೊ ಕೊರಿಯಾದ ಸಮರಕಲೆ. ಎದುರಾಳಿಯ ತಲೆಯ ಎತ್ತರಕ್ಕೆ ಹಾರುವ ಒದೆತಗಳಿಂದಲೇ ಅದು ಹೊರಗಿನವರಿಗೆ ಪರಿಚಿತ. ಕಲಿಯುವವರಿಗೆ ಮಾತ್ರ ಒದೆತದ ಜೊತೆಗೇ ಇನ್ನೊಂದು ಪಾಠವೂ ಕಡ್ಡಾಯ. ವಿನಯ, ಪ್ರಾಮಾಣಿಕತೆ, ಸಹನೆ, ಆತ್ಮಸಂಯಮ, ಬಗ್ಗದ ಛಲ ಎಂಬ ಐದು ಸೂತ್ರಗಳನ್ನು ಬಿಳಿ ಬೆಲ್ಟಿನ ಮಕ್ಕಳಿಗೂ ಬಾಯಿಪಾಠ ಮಾಡಿಸುತ್ತಾರೆ. ಬೆಲ್ಟ್ ಪರೀಕ್ಷೆಯಲ್ಲಿ ಇವುಗಳ ಅರ್ಥವನ್ನು ಕೇಳುವುದೂ ಉಂಟು. ಸೂತ್ರಗಳನ್ನು ಈ ರೂಪಕ್ಕೆ ತಂದವರು ದಕ್ಷಿಣ ಕೊರಿಯಾದ ಸೇನಾ ಜನರಲ್ ಚೋಯ್ ಹಾಂಗ್ ಹಿ. ಟೇಕ್ವಾಂಡೊ ಎಂಬ ಹೆಸರು 1955ರಲ್ಲಿ ಬಳಕೆಗೆ ಬಂದದ್ದೂ, ಅಂತರರಾಷ್ಟ್ರೀಯ ಟೇಕ್ವಾಂಡೊ ಒಕ್ಕೂಟ 1966ರಲ್ಲಿ ಸ್ಥಾಪನೆಯಾದದ್ದೂ ಅವರ ಮುಂದಾಳತ್ವದಲ್ಲಿಯೇ.

ಈ ಕಲೆಗೆ ಎರಡು ಸಾವಿರ ವರ್ಷಗಳ ಇತಿಹಾಸವಿದೆ ಎಂದು ಹೇಳುವುದು ವಾಡಿಕೆ. ಪಟ್ಟುಗಳ ಮಟ್ಟಿಗೆ ಆ ಮಾತನ್ನು ಹಾಗೆಯೇ ಒಪ್ಪುವುದು ಕಷ್ಟ. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. ಓದಲು ಜಪಾನಿಗೆ ಹೋದ ಕೊರಿಯಾದ ತರುಣರು ಅಲ್ಲಿ ಕರಾಟೆ ಕಲಿತರು. ಚೋಯ್ ಅವರೂ ಹಾಗೆ ಕಲಿತವರೇ. ಸ್ವಾತಂತ್ರ್ಯ ಬಂದ ಮೇಲೆ ಸೋಲ್ ನಗರದಲ್ಲಿ ತಲೆಯೆತ್ತಿದ ತಾಲೀಮು ಶಾಲೆಗಳಲ್ಲಿ ಮೊದಮೊದಲು ಹೇಳಿಕೊಟ್ಟದ್ದರಲ್ಲಿ ಬಹುಪಾಲು ಈ ಕರಾಟೆಯೇ. ಕಾಲಿನ ಕೆಲಸ ಬೆಳೆದು ಕಲೆ ತನ್ನದೇ ಚಹರೆ ಪಡೆದದ್ದು ಆಮೇಲೆ. ಆಳಿದವರಿಂದ ಬಂದ ವಿದ್ಯೆಯನ್ನು ತಮ್ಮದಾಗಿಸಿಕೊಳ್ಳಲು ಹೊರಟವರಿಗೆ ನೆಲದ ನಂಟು ಬೇಕಿತ್ತು. ಅದನ್ನು ಅವರು ಹೆಚ್ಚಾಗಿ ಹುಡುಕಿದ್ದು ಹಳೆಯ ನೀತಿಯಲ್ಲಿ, ಹಳೆಯ ವೀರರ ಹೆಸರುಗಳಲ್ಲಿ.

ಆ ಹುಡುಕಾಟ ಹೋಗಿ ಮುಟ್ಟುವುದು ಪ್ರಾಚೀನ ಕೊರಿಯಾದ ಸಿಲ್ಲಾ ರಾಜ್ಯವನ್ನು. 1145ರಲ್ಲಿ ಸಿದ್ಧವಾದ ‘ಸಂಗುಕ್ ಸಾಗಿ’ ಎಂಬ ಇತಿಹಾಸ ಗ್ರಂಥದಲ್ಲಿ ಒಂದು ಪ್ರಸಂಗ ಬರುತ್ತದೆ. ಗ್ವಿಸಾನ್, ಚುಹಾಂಗ್ ಎಂಬ ಇಬ್ಬರು ಗೆಳೆಯರು ಚೀನಾದಲ್ಲಿ ಓದಿ ಮರಳಿದ್ದ ಬೌದ್ಧ ಭಿಕ್ಷು ವೊನ್‌ಗ್ವಾಂಗ್‌ನ ಬಳಿಗೆ ಹೋಗಿ, ಬದುಕಿನುದ್ದಕ್ಕೂ ಪಾಲಿಸಬಹುದಾದ ಉಪದೇಶ ಬೇಡುತ್ತಾರೆ. ಬೋಧಿಸತ್ವರ ಹತ್ತು ಶೀಲಗಳು ಅರಸನ ಸೇವೆಯಲ್ಲಿರುವ ಇವರಿಗೆ ನಿಭಾಯಿಸಲಾರದ ಹೊರೆ ಎಂದು ಬಗೆದ ಗುರು, ಲೌಕಿಕರಿಗೆ ತಕ್ಕ ಐದನ್ನು ಹೇಳಿಕೊಡುತ್ತಾನೆ: ಅರಸನಿಗೆ ನಿಷ್ಠೆ, ಹೆತ್ತವರ ಸೇವೆ, ಗೆಳೆಯರಲ್ಲಿ ವಿಶ್ವಾಸ, ರಣದಲ್ಲಿ ಬೆನ್ನು ತೋರಿಸದಿರುವುದು, ಕೊಲ್ಲುವುದರಲ್ಲಿ ವಿವೇಕ. ಮೊದಲ ಮೂರರಲ್ಲಿ ಕನ್ಫ್ಯೂಷಿಯಸನ ನೆರಳು ನಿಚ್ಚಳ. ನಾಲ್ಕನೆಯದು ಯುದ್ಧ ಬಿಡುವಿಲ್ಲದೆ ನಡೆಯುತ್ತಿದ್ದ ಕಾಲದ ಬೇಡಿಕೆ.

ಗೆಳೆಯರಿಗೆ ತೊಡಕಾದದ್ದು ಐದನೆಯದು. ಗುರು ಅದನ್ನು ಬಿಡಿಸಿ ಹೇಳಬೇಕಾಯಿತು. ಉಪವಾಸದ ದಿನಗಳಲ್ಲಿ ಮತ್ತು ವಸಂತ, ಬೇಸಿಗೆಗಳಲ್ಲಿ ಕೊಲ್ಲಬಾರದು. ಇದು ಕಾಲದ ವಿವೇಕ. ಕುದುರೆ, ದನ, ಕೋಳಿ, ನಾಯಿಗಳಂಥ ಸಾಕುಪ್ರಾಣಿಗಳನ್ನು ಕೊಲ್ಲಬಾರದು. ಒಂದು ತುತ್ತಿಗೂ ಸಾಲದ ಸಣ್ಣ ಜೀವಿಗಳನ್ನೂ ಕೊಲ್ಲಬಾರದು. ಇದು ಆಯ್ಕೆಯ ವಿವೇಕ. ಕೊಲ್ಲಲೇಬೇಕಾದಾಗಲೂ ಅಗತ್ಯಕ್ಕಿಂತ ಹೆಚ್ಚು ಕೊಲ್ಲುವಂತಿಲ್ಲ. ಅಹಿಂಸೆಯ ಧರ್ಮವನ್ನು ಸೈನಿಕನ ಕೈಗೆ ಒಪ್ಪಿಸುವಾಗ ಒಬ್ಬ ಭಿಕ್ಷು ಮಾಡಿಕೊಂಡ ರಾಜಿ ಇದು. ಐದರಲ್ಲಿ ಹೆಚ್ಚು ಆಲೋಚನೆಗೆ ಹಚ್ಚುವುದೂ ಇದೇ. ಗೆಳೆಯರಿಬ್ಬರೂ 602ರಲ್ಲಿ ಬೆಕ್ಜೆ ರಾಜ್ಯದ ಸೈನ್ಯದೊಡನೆ ಹೋರಾಡಿ ಮಡಿದರು. ಈ ಐದು ನಿಯಮಗಳನ್ನು ಈಗ ಸಿಲ್ಲಾದ ಹ್ವಾರಾಂಗ್ ಎಂಬ ಕುಲೀನ ತರುಣರ ದಳದ ಸಂಹಿತೆಯೆಂದೇ ಕಲಿಸುತ್ತಾರೆ. ಮೂಲ ಪ್ರಸಂಗದಲ್ಲಿ ಆ ನಂಟು ಅಷ್ಟೇನೂ ಗಟ್ಟಿಯಾಗಿ ಕಾಣುವುದಿಲ್ಲ.

ಚೋಯ್ ಅವರ ಐದು ಸೂತ್ರಗಳು ಇವುಗಳ ಪಡಿಯಚ್ಚಲ್ಲ. ಅರಸನೂ ರಣರಂಗವೂ ಅಲ್ಲಿಲ್ಲ. ನಿಷ್ಠೆಯ ಜಾಗವನ್ನು ನಡತೆ ತುಂಬಿದೆ. ವಿನಯವೆಂದರೆ ಗುರುವಿಗೆ, ಹಿರಿಯರಿಗೆ, ಎದುರಾಳಿಗೆ ತಲೆಬಾಗುವುದು. ತಾಲೀಮು ಶುರುವಾಗುವುದೂ ಮುಗಿಯುವುದೂ ಅದರಿಂದಲೇ. ಪ್ರಾಮಾಣಿಕತೆಯ ಸೂತ್ರಕ್ಕೆ ಕೊರಿಯಾ ಭಾಷೆಯಲ್ಲಿರುವ ಪದ ‘ಯಂಚಿ’. ತಪ್ಪು ಮಾಡಿದಾಗ ನಾಚಿಕೊಳ್ಳುವ ಗುಣವೂ ಅದರಲ್ಲಿ ಸೇರಿದೆ. ಇದನ್ನು ಗಾಳಿಗುದ್ದಿದ ಉಪದೇಶವಾಗಿ ಬಿಡದೆ, ಗೆರೆ ದಾಟಿದವರು ಹೇಗಿರುತ್ತಾರೆಂದು ಚೋಯ್ ಬಿಡಿಬಿಡಿಯಾಗಿ ಬರೆದರು: ಪ್ರದರ್ಶನಕ್ಕೆ ಮೊದಲೇ ಹಲಗೆಯನ್ನು ಸುಲಭವಾಗಿ ಮುರಿಯುವಂತೆ ಸಿದ್ಧಮಾಡಿಟ್ಟುಕೊಳ್ಳುವ ಶಿಷ್ಯ, ದರ್ಜೆಯನ್ನು ಕೇಳಿಕೊಂಡು ಬರುವವನು ಅಥವಾ ದುಡ್ಡು ಕೊಟ್ಟು ಕೊಳ್ಳಲು ನೋಡುವವನು, ತಪ್ಪು ಪಟ್ಟನ್ನು ಸರಿಯೆಂದು ಕಲಿಸುವ ಗುರು. ಬೆಲ್ಟಿನ ವ್ಯಾಪಾರ ಜೋರಾಗಿರುವ ಈ ದಿನಗಳಲ್ಲಿ ಪಟ್ಟಿ ಹಳೆಯದೆನಿಸುವುದಿಲ್ಲ.

ಆತ್ಮಸಂಯಮ ಕನ್ಫ್ಯೂಷಿಯಸ್ ಪರಂಪರೆಯಿಂದ ನೇರವಾಗಿ ಬಂದದ್ದು. ತನ್ನನ್ನು ತಾನು ಗೆದ್ದು ಸದಾಚಾರಕ್ಕೆ ಮರಳುವುದೇ ಮಾನವೀಯತೆ ಎಂದು ಆ ಚಿಂತಕ ಶಿಷ್ಯನಿಗೆ ತಿಳಿಸಿದ್ದ. ಟೇಕ್ವಾಂಡೊದಲ್ಲಿ ಈ ಮಾತು ದೇಹದ ಕೆಲಸವಾಗುತ್ತದೆ. ಚೋಯ್ ಪರಂಪರೆಯ ಸೆಣಸಾಟದಲ್ಲಿ ಏಟಿನ ರಭಸಕ್ಕೆ ಮಿತಿಯಿದೆ. ಎದುರಾಳಿಯನ್ನು ನೆಲಕ್ಕುರುಳಿಸುವಷ್ಟು ಬಲವಾಗಿ ಹೊಡೆದವನಿಗೆ ಅಂಕದ ಬದಲು ಶಿಕ್ಷೆ ಸಿಗುತ್ತದೆ. ಗುರಿಯ ಹತ್ತಿರದವರೆಗೆ ಪೂರ್ಣ ವೇಗದಲ್ಲಿ ಹೋದ ಕಾಲನ್ನು ತಡೆದು ನಿಲ್ಲಿಸುವುದು ಒದೆಯುವುದಕ್ಕಿಂತ ಕಠಿಣ, ಅದಕ್ಕೆ ಸೊಂಟದ ಮೇಲೂ ಸಿಟ್ಟಿನ ಮೇಲೂ ಹಿಡಿತ ಬೇಕು. ಸಹನೆ ಮತ್ತು ಛಲದ ಬಗ್ಗೆ ಹೆಚ್ಚು ವಿವರಣೆ ಬೇಕಿಲ್ಲ. ಛಲಕ್ಕೆ ಚೋಯ್ ಕೊಟ್ಟ ನಿದರ್ಶನ ಮಾತ್ರ ಕೊರಿಯಾದ್ದಲ್ಲ: ಥರ್ಮೋಪಿಲೆಯ ಕಣಿವೆಯಲ್ಲಿ ಪರ್ಷಿಯಾದ ಸೈನ್ಯಕ್ಕೆ ಎದೆಯೊಡ್ಡಿದ ಸ್ಪಾರ್ಟಾದ 300 ಯೋಧರು.

ಸೂತ್ರಗಳ ಜೊತೆಗೆ ಒಂದು ಪ್ರತಿಜ್ಞೆಯೂ ಇದೆ. ವಿದ್ಯೆಯ ದುರುಪಯೋಗ ಮಾಡುವುದಿಲ್ಲ, ಸ್ವಾತಂತ್ರ್ಯ ಮತ್ತು ನ್ಯಾಯದ ಪರ ನಿಲ್ಲುತ್ತೇನೆ ಎಂಬುದು ಅದರ ತಿರುಳು.

ನೀತಿಯನ್ನು ನೆನಪಿನಲ್ಲಿ ಕೂರಿಸುವ ಇನ್ನೊಂದು ಉಪಾಯವೆಂದರೆ ಒಂಟಿಯಾಗಿ ಅಭ್ಯಾಸ ಮಾಡುವ ಚಲನೆಗಳ ಸರಣಿಗಳು. ಚೋಯ್ ಪರಂಪರೆಯಲ್ಲಿ ಇವು 24. ದಿನದ 24 ಗಂಟೆಗಳಿಗೆ ಸರಿಯಾಗಿ. ಬಹುತೇಕ ಸರಣಿಗಳು ಕೊರಿಯಾದ ಚರಿತ್ರೆಯ ವ್ಯಕ್ತಿಗಳ ಹೆಸರು ಹೊತ್ತಿವೆ. ಚಿಂತಕ ಯುಲ್ಗೋಕ್ ಹೆಸರಿನದರಲ್ಲಿ 38 ಚಲನೆಗಳಿರುವುದು ಅವನ ಹುಟ್ಟೂರಿನ ಅಕ್ಷಾಂಶದ ಗುರುತು. ಆನ್ ಜುಂಗ್‌ಗುನ್ 1909ರಲ್ಲಿ ಹಾರ್ಬಿನ್ ನಿಲ್ದಾಣದಲ್ಲಿ ಜಪಾನಿನ ಮುತ್ಸದ್ದಿ ಇಟೊ ಹಿರೊಬುಮಿಯನ್ನು ಗುಂಡಿಟ್ಟು ಕೊಂದವನು. ಮರುವರ್ಷ ಗಲ್ಲಿಗೇರಿದಾಗ ಕೊರಿಯಾದ ಎಣಿಕೆಯಂತೆ ಅವನಿಗೆ 32 ವರ್ಷ. ಅವನ ಸರಣಿಯಲ್ಲಿ ಚಲನೆಗಳೂ 32. ನೌಕಾಧಿಪತಿ ಯಿ ಸುನ್‌ಸಿನ್ ನೆನಪಿನ ಸರಣಿ ಎಡಗೈಯ ಏಟಿನಲ್ಲಿ ಕೊನೆಗೊಳ್ಳುತ್ತದೆ. ಪೂರ್ಣ ಸಾಮರ್ಥ್ಯ ತೋರುವ ಮೊದಲೇ ಬಂದ ಸಾವಿನ ವಿಷಾದ ಅದು ಎಂಬುದು ವಿವರಣೆ. ಕರಾಟೆಯಿಂದ ಕವಲೊಡೆದ ಕಲೆಯೊಂದರಲ್ಲಿ ಜಪಾನಿನ ವಿರುದ್ಧ ಹೋರಾಡಿದವರಿಗೆ ಇಷ್ಟು ಗೌರವದ ಜಾಗ ಸಿಕ್ಕಿರುವುದು ಕಾಕತಾಳೀಯವಾಗಿರಲಾರದು.

1973ರಲ್ಲಿ ಸೋಲ್‌ನಲ್ಲಿ ಸ್ಥಾಪನೆಯಾದ, ಒಲಿಂಪಿಕ್ಸ್‌ಗೆ ಕಲೆಯನ್ನು ಒಯ್ದ ಇನ್ನೊಂದು ಒಕ್ಕೂಟ ವ್ಯಕ್ತಿಗಳ ಬದಲು ತತ್ವವನ್ನು ಹಿಡಿಯಿತು. ಅಲ್ಲಿ ಕಪ್ಪು ಬೆಲ್ಟಿಗೆ ಮೊದಲು ಕಲಿಯುವ ಎಂಟು ಸರಣಿಗಳು ಚೀನಾದ ‘ಯಿ ಚಿಂಗ್’ ಪರಂಪರೆಯ ಎಂಟು ಸಂಕೇತಗಳಿಗೆ ಹೊಂದಿಕೊಂಡಿವೆ. ಮೊದಲನೆಯದು ಆಕಾಶ, ಕೊನೆಯದು ಭೂಮಿ. ನಡುವೆ ಸರೋವರ, ಬೆಂಕಿ, ಗುಡುಗು, ಗಾಳಿ, ನೀರು, ಬೆಟ್ಟ. ಈ ಎಂಟರಲ್ಲಿ ನಾಲ್ಕು ದಕ್ಷಿಣ ಕೊರಿಯಾದ ಬಾವುಟದಲ್ಲಿಯೂ ಇವೆ.

ಚೋಯ್ ಪರಂಪರೆಯ ಸರಣಿಗಳಲ್ಲಿ ಸ್ಮರಿಸಬೇಕಾದ ಹಿರಿಯರ ಪಟ್ಟಿ ಸ್ಥಿರವಾಗಿ ಉಳಿಯಲಿಲ್ಲ. ದಕ್ಷಿಣ ಕೊರಿಯಾದ ಸರ್ಕಾರದೊಡನೆ ಮುನಿಸಿಕೊಂಡ ಚೋಯ್ 1972ರಲ್ಲಿ ಕೆನಡಾಕ್ಕೆ ವಲಸೆ ಹೋದರು, 1980ರಲ್ಲಿ ಉತ್ತರ ಕೊರಿಯಾಕ್ಕೆ ಕಲೆಯನ್ನು ಪರಿಚಯಿಸಿದರು. ಅದರ ಬೆನ್ನಿಗೇ ರಾಷ್ಟ್ರವಾದಿ ನಾಯಕ ಚೋ ಮನ್‌ಸಿಕ್ ಅವರ ಉಪನಾಮದ ‘ಕೋಡಾಂಗ್’ ಸರಣಿಯನ್ನು ತೆಗೆದು, ಉತ್ತರ ಕೊರಿಯಾದ ಅಧಿಕೃತ ಸಿದ್ಧಾಂತದ ಹೆಸರಾದ ‘ಜುಚೆ’ಯನ್ನು ಅದರ ಜಾಗದಲ್ಲಿ ಕೂರಿಸಲಾಯಿತು. 2002ರಲ್ಲಿ ಚೋಯ್ ತೀರಿಕೊಂಡರು, ಅವರ ಒಕ್ಕೂಟ ಒಡೆದು ಹಲವಾಯಿತು. ಈಗ ಕೆಲವು ಬಣಗಳು ಜುಚೆಯನ್ನು ಕಲಿಸುತ್ತವೆ, ಕೆಲವು ಕೋಡಾಂಗ್‌ ಹೆಸರಿಗೆ ಮರಳಿವೆ. ಐದು ಸೂತ್ರಗಳಿಗೆ ಮಾತ್ರ ಯಾವ ಬಣವೂ ಕೈಹಚ್ಚಿಲ್ಲ.