ಅನ್ನಭೇದಿಯೂ ನೇರಳೆ ಹನಿಯೂ

ಬಾವಿಯ ನೀರನ್ನು ಶುದ್ಧಿಗೊಳಿಸಲು ಹಾಕುವ ಪೊಟ್ಯಾಸಿಯಂ ಪರ್ಮಾಂಗನೇಟಿನ ಕೆನ್ನೇರಳೆ ದ್ರಾವಣವನ್ನು, ಗಂಧಕಾಮ್ಲ ಬೆರೆಸಿದ, ಅನ್ನಭೇದಿಯೆಂಬ ಕಬ್ಬಿಣದ ಲವಣದ ನೀರಿಗೆ ಹನಿಹನಿಯಾಗಿ ಇಳಿಸುತ್ತ ಹೋದರೆ, ಬಿದ್ದ ಹನಿಯೊಂದೊಂದೂ ಕ್ಷಣಾರ್ಧದಲ್ಲಿ ತನ್ನ ವರ್ಣವನ್ನು ನೀಗಿಕೊಂಡು ಅಂತರ್ಧಾನವಾಗುವುದು. ಇಂದ್ರಜಾಲವೇನೂ ಅಲ್ಲ, ಎಲೆಕ್ಟ್ರಾನುಗಳ ವಿನಿಮಯ. ಕಬ್ಬಿಣದ ಅಯಾನು ಒಂದೇ ಎಲೆಕ್ಟ್ರಾನನ್ನು ದಾನಮಾಡಿ ಉತ್ಕರ್ಷಣ ಹೊಂದಿದರೆ, ಪರ್ಮಾಂಗನೇಟಿನೊಳಗಿನ ಮ್ಯಾಂಗನೀಸು 5 ಎಲೆಕ್ಟ್ರಾನುಗಳನ್ನು ಪಡೆದಲ್ಲದೆ ತೃಪ್ತವಾಗದು. ಆದುದರಿಂದ ಅದೊಂದರ ಅಪಕರ್ಷಣಕ್ಕೆ ಕಬ್ಬಿಣದ 5 ಅಯಾನುಗಳು ಬೇಕು. ಆಮ್ಲವೂ ಇಲ್ಲಿ ಬರಿಯ ಸಾಕ್ಷಿಯಲ್ಲ: ಅದರ 8 ಹೈಡ್ರೊಜನ್ ಅಯಾನುಗಳು ಪರ್ಮಾಂಗನೇಟಿನ 4 ಆಕ್ಸಿಜನ್ ಪರಮಾಣುಗಳೊಡಗೂಡಿ ನೀರಾಗುವುವು, ಆಮ್ಲ ಸಾಲದಿದ್ದಲ್ಲಿ ಕಂದುಬಣ್ಣದ ಮ್ಯಾಂಗನೀಸ್ ಡೈಆಕ್ಸೈಡ್ ಕದಡಿ ಲೆಕ್ಕವೇ ಕೆಡುವುದು. 1846ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಾರ್ಗೆರಿತ್ ಈ ಉಪಾಯದಿಂದಲೇ ಕಬ್ಬಿಣವನ್ನು ಅಳೆದನು. ಕ್ರಿಯೆ ಮುಗಿದುದನ್ನು ತಿಳಿಯಲು ಬೇರೆ ಸೂಚಕದ ಹಂಗಿಲ್ಲ. ಕಬ್ಬಿಣವೆಲ್ಲ ತೀರಿದ ಮೇಲೆ ಒಂದು ಹನಿ ಹೆಚ್ಚಾದರೂ ಸಾಕು, ಪಾತ್ರೆಯೆಲ್ಲ ನಸುಗುಲಾಬಿ.